ಮಾವನವರ ಆಮ್ಲಜನಕ

ಕೋಣನಕುಂಟೆಯಲ್ಲಿ ನಮ್ಮ ಮಾವನವರದು ಮೂರಂತಸ್ತಿನ ಮನೆ. ಕೆಳಗೆ ರಸ್ತೆಗೆ ಮುಖ ಮಾಡಿ ನನ್ನ ಬ್ಯೂಟಿ ಪಾರ್ಲರ್, ಅದರ ಹಿಂದೆ ಅತ್ತೆ ಮತ್ತು ಮಾವ, ಮೊದಲ ಮಹಡಿಯಲ್ಲಿ ನಾನು ಮತ್ತು ನನ್ನ ಗಂಡ, ಅದರ ಮೇಲೆ ಬಾಡಿಗೆಯವರು. ಇದೇ ನೆಲದಲ್ಲಿ ಮಾವ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದರು, ಈಗ ಬಾಡಿಗೆ ಬೆಳೆಯುತ್ತಾರೆ. ರಾಗಿಗೆ ಬಿಡುತ್ತಿದ್ದಷ್ಟೇ ನೀರನ್ನು ನಮಗೂ ಬಿಡುತ್ತಾರೆ ಅನ್ನುವುದು ಬಾಡಿಗೆಯವರ ದೂರು.

ಪಾರ್ಲರ್ ಶುರು ಮಾಡಿದಾಗಿನಿಂದಲೂ ಮಾವನಿಗೆ ಅದರ ವಾಸನೆ ಆಗುವುದಿಲ್ಲ. ನಾನು ಯಾರದಾದರೂ ಕೂದಲಿಗೆ ಬಣ್ಣ ಹಚ್ಚುತ್ತಿದ್ದರೆ ಹೆಗಲ ಮೇಲಿನ ಟವಲನ್ನು ಮೂಗಿಗೆ ಒತ್ತಿಕೊಂಡು ಗೇಟು ದಾಟುತ್ತಿದ್ದರು. "ಏನ್ ಕೆಮಿಕಲ್ಲವ್ವ ಇದು, ಮನುಷ್ಯರ ತಲೆಗೆ ಹಾಕೋದಾ ಇದನ್ನ?" ಎಂದು ಗಿರಾಕಿಗಳಿಗೆ ಕೇಳುವಂತೆಯೇ ಕೇಳುತ್ತಿದ್ದರು. ಅದರಲ್ಲಿರುವ ಒಂದು ಕೆಮಿಕಲ್ಲಿನ ಹೆಸರು ಹೈಡ್ರೋಜನ್ ಪೆರಾಕ್ಸೈಡ್. ಬಣ್ಣದ ಜೊತೆ ಕಲಸುವ ಡೆವಲಪರ್‌ನಲ್ಲಿ ಇರುವುದು ಅದೇ. ನಾನು ಬಳಸುವುದು ನೂರಕ್ಕೆ ಆರು ಪಾಲಿನದು. ಅಷ್ಟಕ್ಕೇ ಕೈಗೆ ಗ್ಲೌಸ್ ಹಾಕುತ್ತೇನೆ. ಹೊಸ ಗಿರಾಕಿಯಾದರೆ ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ಮನೆಗೆ ಕಳಿಸಿ, ಉರಿಯದಿದ್ದರೆ ಬನ್ನಿ ಎನ್ನುತ್ತೇನೆ. ಹಾಗೆ ಹೋದವರಲ್ಲಿ ಕೆಲವರು ಪಕ್ಕದ ಪಾರ್ಲರ್‌ಗೆ ಹೋಗಿಬಿಡುತ್ತಾರೆ.

ಅಂಥ ಮಾವ ಒಂದು ಬೆಳಗ್ಗೆ ಜೆ.ಪಿ. ನಗರದ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಬರುವಾಗ ಅದೇ ಪದಾರ್ಥವನ್ನು ಒಂದು ಬಿಳಿ ಕ್ಯಾನಿನಲ್ಲಿ ತಂದರು. ನೂರಕ್ಕೆ ಮೂವತ್ತೈದು ಪಾಲಿನದು. ತಲೆಗೆ ಹಾಕಲು ಅಲ್ಲ, ಕುಡಿಯಲು.

ಕಾರಣ ಹೇಳದಿದ್ದರೆ ನಮ್ಮ ಮಾವನನ್ನು ನೀವು ಪೆದ್ದರು ಅಂದುಕೊಳ್ಳುತ್ತೀರಿ. ಅವರು ಪೆದ್ದರಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಅವರ ಅಣ್ಣ ತೀರಿಕೊಂಡರು. ನನ್ನ ಗಂಡ ಕಾರು ಓಡಿಸುತ್ತಿದ್ದರು, ಹಿಂದಿನ ಸೀಟಿನಲ್ಲಿ ಮಾವನ ತೊಡೆಯ ಮೇಲೆ ಅಣ್ಣನ ತಲೆ. ಜಯನಗರದಲ್ಲಿ ಬೆಡ್ ಇರಲಿಲ್ಲ. ಬನಶಂಕರಿಯಲ್ಲಿ ಬೆಡ್ ಇತ್ತು, ಆಕ್ಸಿಜನ್ ಇರಲಿಲ್ಲ. ಸಿದ್ದಾಪುರದ ಕಡೆ ಎಲ್ಲೋ ಸಿಲಿಂಡರ್ ಇದೆ ಎಂದು ಯಾರೋ ಫೋನ್ ಮಾಡಿದರು. ಅಲ್ಲಿಗೆ ಹೋಗುವ ದಾರಿಯಲ್ಲೇ ಅಣ್ಣ ಹೋದರು. ಆಮೇಲೆ ಮಾವ ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ಅಳೆಯುವ ಯಂತ್ರವನ್ನು ಕೊಂಡುಕೊಂಡರು. ಊಟಕ್ಕೆ ಕೂತವರ ಬೆರಳು, ಬಾಡಿಗೆ ಕೊಡಲು ಬಂದವರ ಬೆರಳು, ಕೊರಿಯರ್ ತಂದವನ ಬೆರಳು, ಯಾವುದನ್ನೂ ಬಿಡುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಬೆರಳು. ಅತ್ತೆಗೆ ಹಳೆಯ ಉಬ್ಬಸ. ಅವರ ಎದೆಯಿಂದ ಸುಂಯ್ ಎಂದು ಸದ್ದು ಬಂದರೆ ಸಾಕು, ಮಾವ ಊಟದ ತಟ್ಟೆ ಬಿಟ್ಟು ಎದ್ದು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ನಿಂತು ಏನೂ ಮಾಡುತ್ತಿರಲಿಲ್ಲ. ಡಾಕ್ಟರು ಕೊಟ್ಟ ಇನ್‌ಹೇಲರ್ ಇತ್ತು, ಅದಕ್ಕೆ ನಮ್ಮ ಮನೆಯಲ್ಲಿ ಪಂಪು ಎಂದು ಹೆಸರು. ಪಂಪಿನ ಮೇಲೆ ಮಾವನಿಗೆ ವಿಶ್ವಾಸ ಇರಲಿಲ್ಲ. "ಅದು ಅಭ್ಯಾಸ ಆಗ್ಬಿಡ್ತದೆ, ಆಮೇಲೆ ಬಿಡಕ್ಕಾಗಲ್ಲ" ಎನ್ನುತ್ತಿದ್ದರು. ಊಟವೂ ಅಭ್ಯಾಸವೇ ಅಲ್ಲವೇ ಮಾವ ಎಂದು ನಾನು ಒಂದು ಸಲ ಕೇಳಿದೆ. ಆ ವಾರ ನನ್ನ ಬೆರಳನ್ನು ಅಳೆಯಲಿಲ್ಲ.

ಕ್ಯಾನಿನ ವಿಷಯ ಹೇಳಿಕೊಟ್ಟವರು ಪಾರ್ಕಿನ ಗೆಳೆಯರೊಬ್ಬರು, ರಿಟೈರ್ಡ್ ಮ್ಯಾನೇಜರ್. ನೀರಿಗೆ ಒಂದು ಆಕ್ಸಿಜನ್ ಜಾಸ್ತಿ ಸೇರಿಸಿದರೆ ಇದಾಗುತ್ತದೆ, ಕುಡಿದರೆ ಆಕ್ಸಿಜನ್ ನೇರ ರಕ್ತಕ್ಕೆ ಹೋಗುತ್ತದೆ, ದೊಡ್ಡ ಆಸ್ಪತ್ರೆಯವರು ಇದನ್ನು ಮುಚ್ಚಿಟ್ಟಿದ್ದಾರೆ ಎಂದು ಅವರು ಹೇಳಿದ್ದರು. ಮೊದಲನೆಯ ಮಾತು ನಿಜ. ಒಂದು ನಿಜ ಸಿಕ್ಕಿದರೆ ಉಳಿದದ್ದನ್ನು ಮಾವ ಸಾಲದ ಮೇಲೆ ನಂಬುತ್ತಾರೆ.

ಕ್ಯಾನಿನ ಮೇಲೆ 'ಫುಡ್ ಗ್ರೇಡ್' ಎಂದು ಬರೆದಿತ್ತು. ಅದು ಹಾಲು, ಜ್ಯೂಸು ತುಂಬುವ ಪೊಟ್ಟಣಗಳನ್ನು ಶುದ್ಧ ಮಾಡುವ ಕಾರ್ಖಾನೆಗಳಿಗೆ, ಹೊಟ್ಟೆಗಲ್ಲ ಎಂದು ನಾನು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದೆ.

"ಪೊಟ್ಟಣ ತೊಳೆಯೋದು ಹೊಟ್ಟೆ ತೊಳೆಯಲ್ವಾ?" ಎಂದರು.

ಅದೇ ಲೇಬಲ್ಲಿನ ಮೂಲೆಯಲ್ಲಿ ಒಂದು ಚಿತ್ರವೂ ಇತ್ತು. ಓರೆಯಾಗಿ ಹಿಡಿದ ಕೊಳವೆಯಿಂದ ಒಂದು ಕೈಯ ಮೇಲೆ ಹನಿ ಬೀಳುತ್ತಿರುವ ಚಿತ್ರ. ಇದು ಮೈ ಸುಡುತ್ತದೆ, ಹುಷಾರು ಎಂದು ಓದು ಬರದವರಿಗೂ ತಿಳಿಯಲಿ ಎಂದು ಜಗತ್ತಿನ ದೊಡ್ಡವರೆಲ್ಲ ಕೂತು ಒಪ್ಪಿದ ಗುರುತು ಅದು. ಆ ದೊಡ್ಡವರಲ್ಲಿ ಯಾರೂ ಶನಿವಾರ ಹನುಮಂತನ ಗುಡಿಯಲ್ಲಿ ಬಲಗೈ ಒಡ್ಡಿಕೊಂಡು ಸಾಲಿನಲ್ಲಿ ನಿಂತವರಲ್ಲ. ಮಾವ ಕನ್ನಡಕ ಏರಿಸಿ ಚಿತ್ರವನ್ನು ನೋಡಿದರು.

"ಹೆಂಗ್ ತಗೋಬೇಕು ಅಂತ ಚಿತ್ರನೇ ಬರ್ದವ್ರೆ ನೋಡವ್ವ. ತೀರ್ಥದ ತರ."

ನಾನು ಕೂಗಿಕೊಳ್ಳುವಷ್ಟರಲ್ಲಿ ಅಂಗೈ ಗುಳಿ ಮಾಡಿ ಒಂದಿಷ್ಟು ಸುರಿದುಕೊಂಡೂ ಆಗಿತ್ತು. ಬಾಯಿಯ ಹತ್ತಿರ ಹೋಗುತ್ತಿದ್ದ ಕೈಯನ್ನು ಹಿಡಿದು ನಲ್ಲಿಯ ಕೆಳಗೆ ಎಳೆದೆ. ಸೊಸೆಯಾಗಿ ಬಂದ ಮೇಲೆ ಮಾವನ ಕೈ ಹಿಡಿದು ಎಳೆದದ್ದು ಅದೇ ಮೊದಲು. ಅಂಗೈಯ ಮಧ್ಯೆ ಚರ್ಮ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು, ಚುರುಚುರು ಉರಿಯುತ್ತಿತ್ತು. ಇದಾದ ಮೇಲಾದರೂ ಬುದ್ಧಿ ಬರಬಹುದು ಎಂದು ನಾನು ಕಾದೆ. ಮಾವ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಪವರ್ ಐತೆ" ಎಂದರು.

ಪವರ್ ಇರುವುದರಿಂದ ನೀರಿಗೆ ಬೆರೆಸುವುದು ಎಂದು ತೀರ್ಮಾನವಾಯಿತು. ನಮ್ಮ ಮನೆಯಲ್ಲಿ ನೀರಿನಿಂದ ಏನೇ ಒಳ್ಳೆಯದಾಗಬೇಕಾದರೂ ಅದು ತಾಮ್ರದಲ್ಲಿ ಒಂದು ರಾತ್ರಿ ಕಳೆಯಬೇಕು. ಮಾವ ಅಟ್ಟದ ಮೇಲಿದ್ದ ತಾಮ್ರದ ಚೊಂಬನ್ನು ಇಳಿಸಿ, ನೀರು ತುಂಬಿ, ಕೆಲವು ಹನಿ ಹಾಕಿ, ತಟ್ಟೆ ಮುಚ್ಚಿಟ್ಟು, ಬೆಳಗ್ಗೆ ಎದ್ದು ಕುಡಿಯತೊಡಗಿದರು. ಚೊಂಬಿನ ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟಿರುತ್ತಿದ್ದವು. ಅತ್ತೆಯನ್ನು ಕರೆದು, "ನೋಡಿಲ್ಲಿ, ಆಕ್ಸಿಜನ್" ಎಂದು ತೋರಿಸುತ್ತಿದ್ದರು. ಅತ್ತೆ ಬಗ್ಗಿ ನೋಡಿ, ಹೂಂ ಎಂದು ಒಲೆಯ ಕಡೆ ಹೋಗುತ್ತಿದ್ದರು.

ಡೆವಲಪರನ್ನು ನಾವು ಯಾವತ್ತೂ ಲೋಹದ ಬಟ್ಟಲಲ್ಲಿ ಕಲಸುವುದಿಲ್ಲ, ಪ್ಲಾಸ್ಟಿಕ್ಕೇ ಆಗಬೇಕು. ನನಗೆ ಕೆಲಸ ಕಲಿಸಿದ ಮೇಡಂ ಇದನ್ನು ಹೇಳಿದ್ದರು, ಯಾಕೆ ಎಂದು ಹೇಳಿರಲಿಲ್ಲ. ಹಾಗಾಗಿ ಮೊದಲ ಬೆಳಗ್ಗೆ ನಾನು ಪಾರ್ಲರ್ ತೆರೆಯದೆ ಮಾವನ ಎದುರು ಕೂತೆ. ಏನೂ ಆಗಲಿಲ್ಲ. ಎರಡನೆಯ ದಿನವೂ ಏನೂ ಆಗಲಿಲ್ಲ. ನಮ್ಮ ಮನೆಗೆ ಬಂದ ದೊಡ್ಡ ಕಷ್ಟ ಅದೇ, ಏನೂ ಆಗಲಿಲ್ಲ. ಮೊದಲ ದಿನವೇ ಒಂದು ವಾಂತಿಯಾಗಿದ್ದರೆ ಕ್ಯಾನು ಅವತ್ತೇ ಮನೆಯಿಂದ ಆಚೆ ಹೋಗಿರುತ್ತಿತ್ತು. ಹನಿಗಳು ಚಮಚವಾದವು, ಚಮಚ ಕ್ಯಾನಿನ ಮುಚ್ಚಳವಾಯಿತು. ಮಾವ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ, ಏದುಸಿರು ಕಮ್ಮಿಯಾಗಿದೆ ಎಂದು ಹೇಳಿ ಹೋಗುತ್ತಿದ್ದರು.

"ನಾನ್ ಮಾತಾಡ್ತೀನಿ ಅಪ್ಪನ ಹತ್ರ" ಎಂದು ನನ್ನ ಗಂಡ ಒಂದು ಭಾನುವಾರ ಕೆಳಗಿಳಿದರು. ಬಹಳ ಹೊತ್ತಾದ ಮೇಲೆ ಬಂದರು.

"ಏನಂದ್ರು?"

"ತೊಂಬತ್ತೆಂಟು ಇದೆಯಂತೆ ನಂದು."

ಆರು ತಿಂಗಳು ಹೀಗೆ ಹೋಯಿತು. ಶ್ರಾವಣ ಹತ್ತಿರ ಬಂದಾಗ ಮಾವ ಊಟದ ಹೊತ್ತಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ವಿಷಯ ತೆಗೆದರು. ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಒಳ್ಳೆಯ ದಿನ, ಅವತ್ತಿನಿಂದ ಅತ್ತೆಗೂ ಶುರು. ಅವತ್ತಿನಿಂದಲೇ ಪಂಪು ಬಂದ್.

"ಇಷ್ಟ್ ದಿನ ನನ್ ಮೇಲೆ ನೋಡಿದ್ದು ಮತ್ಯಾಕೆ? ನಂಗ್ ಏನಾರ ಆದ್ರೆ ಅವಳಿಗೆ ಕೊಡೋದು ಬ್ಯಾಡ ಅಂತ. ಏನೂ ಆಗ್ಲಿಲ್ಲ."

ಅವರು ಅಷ್ಟು ದಿನ ಕುಡಿದದ್ದು ತಮಗಾಗಿ ಅಲ್ಲ ಎಂದು ನನಗೆ ಗೊತ್ತಾದದ್ದು ಆಗ. ಸಿಟ್ಟು ಬರಬೇಕಾದ ಜಾಗದಲ್ಲಿ ಭಯ ಬಂತು. ಮಾವನದು ಗಟ್ಟಿ ಜೀವ, ಅತ್ತೆಯದು ಅರ್ಧ ಮೆಟ್ಟಿಲಿಗೆ ಕೂರುವ ಜೀವ. ಪಂಪು ನಿಲ್ಲಿಸಿ ಈ ನೀರು ಕುಡಿಸಿದರೆ ನಾವು ಮತ್ತೆ ಕಾರು ತೆಗೆಯಬೇಕಾಗುತ್ತದೆ. "ಕ್ಯಾನನ್ನ ಚರಂಡಿಗೆ ಸುರೀತೀನಿ ಮಾವ" ಎಂದೆ. ಸಂಜೆಯೊಳಗೆ ಕ್ಯಾನು ಅವರ ಮಂಚದ ಕೆಳಗೆ ಹೋಯಿತು.

ಅತ್ತೆಯನ್ನು ಬೇರೆಯಾಗಿ ಹಿಡಿದುಕೊಂಡೆ. ಅವರು ನೆನೆಸಿದ ಅವರೆಕಾಳು ಹಿಚುಕುತ್ತಾ ಕೂತಿದ್ದರು.

"ಅತ್ತೆ, ಅವರೇನೇ ಹೇಳಲಿ, ನೀವು ಕುಡೀಬೇಡಿ."

"ಅವರಣ್ಣ ಹೋದಾಗಿಂದ ಅವರು ನೆಟ್ಟಗೆ ನಿದ್ದೆ ಮಾಡಿಲ್ಲ ಕಣವ್ವ. ನನ್ ಎದೆ ಮೇಲೆ ಕೈ ಇಟ್ಕೊಂಡೇ ಮಲಗ್ತಾರೆ, ಉಸಿರು ಬತ್ತೈತೋ ಇಲ್ವೋ ಅಂತ. ನಾನ್ ಒಂದ್ ಲೋಟ ಕುಡುದ್ರೆ ಅವರು ಮಲಗ್ತಾರೆ ಅಂದ್ರೆ ಕುಡೀತೀನಿ ಬಿಡು."

ನಾನೂ ಪಕ್ಕದಲ್ಲಿ ಕೂತು ನಾಲ್ಕು ಕಾಳು ಹಿಚುಕಿದೆ. ಹಬ್ಬದ ದಿನ ಬೆಳಗ್ಗೆ ನಾನೇ ಮೊದಲು ಕೆಳಗಿಳಿದು ಆ ಲೋಟವನ್ನು ಚೆಲ್ಲುವುದು, ಆಮೇಲೆ ಬಂದದ್ದು ಬರಲಿ ಎಂದುಕೊಂಡೆ.

ವರಮಹಾಲಕ್ಷ್ಮಿಯ ಹಿಂದಿನ ದಿನಗಳಲ್ಲಿ ಪಾರ್ಲರ್ ಇರುವವರಿಗೆ ಬೇರೆ ಯೋಚನೆ ಮಾಡಲು ಆಗುವುದಿಲ್ಲ. ಐಬ್ರೋ, ಫೇಶಿಯಲ್, ತಲೆಗೆ ಬಣ್ಣ, ಅರ್ಶಿನ ಕುಂಕುಮಕ್ಕೆ ಎಲ್ಲರ ಮುಖವೂ ಹೊಳೆಯಬೇಕು. ಆ ಗಲಾಟೆಯಲ್ಲಿ ಹಿಂದಿನ ಮನೆಯಲ್ಲಿ ನಡೆದ ಒಂದು ಸಂಗತಿ ನನ್ನ ಗಮನಕ್ಕೆ ಬರಲಿಲ್ಲ. ಆ ತಾಮ್ರದ ಚೊಂಬು ಅಸಲಿಗೆ ಹಬ್ಬದ ಕಳಶದ ಚೊಂಬು. ಅತ್ತೆ ಗುರುವಾರವೇ ಅದನ್ನು ತೆಗೆದುಕೊಂಡು, ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ, ಮಾವಿನೆಲೆ ತೆಂಗಿನಕಾಯಿ ಇಟ್ಟು, ಬೆಳ್ಳಿ ಮುಖವಾಡ ಕಟ್ಟಿ, ಸೀರೆ ಉಡಿಸಿ ಕೂರಿಸಿಬಿಟ್ಟಿದ್ದರು.

"ನನ್ ಚೊಂಬೆಲ್ಲೇ?" ಎಂದು ಮಾವ ಕೇಳಿದ್ದಾರೆ.

"ಅದೀಗ ದೇವ್ರು. ನಾಳಿದ್ದು ಕದಲಿಸೋ ತನಕ ಮುಟ್ಟಂಗಿಲ್ಲ."

ಹಾಗಾಗಿ ಶುಕ್ರವಾರ ಬೆಳಗ್ಗೆ ಮಾವ ಗಾಜಿನ ಲೋಟಗಳನ್ನು ತೆಗೆದುಕೊಂಡರು. ರಾತ್ರಿ ನೆನೆಸಿಡಲು ಪಾತ್ರೆ ಇಲ್ಲದ್ದರಿಂದ ಆಗಿಂದಾಗಲೇ ಬೆರೆಸಿದರು. ತಮಗೆ ಎಂದಿನಂತೆ ಒಂದು ತುಂಬು ಮುಚ್ಚಳ, ಅತ್ತೆಗೆ ಮೊದಲ ದಿನವಾದ್ದರಿಂದ ಅರ್ಧ. ನಾನು ಹೂವಿನ ಬುಟ್ಟಿ ಹಿಡಿದುಕೊಂಡು ಒಳಗೆ ಬಂದಾಗ ಎರಡು ಲೋಟಗಳೂ ಟೇಬಲ್ಲಿನ ಮೇಲಿದ್ದವು.

"ಒಂದ್ ಗುಟುಕು ಕುಡ್ದು ಪೂಜೆ ಶುರು ಮಾಡ್ಕೊ" ಎಂದು ಮಾವ ಅತ್ತೆಗೆ ಹೇಳುತ್ತಿದ್ದರು.

"ಮಂಗಳಾರತಿ ಆಗೋ ತನಕ ಹನಿ ನೀರೂ ಬಾಯಿಗೆ ಹಾಕಲ್ಲ ಅಂತ ಗೊತ್ತಲ್ಲ ನಿಮಗೆ. ನೀವ್ ಕುಡೀರಿ" ಎಂದು ಅತ್ತೆ ದೀಪಕ್ಕೆ ಬತ್ತಿ ಹಾಕುತ್ತಿದ್ದರು.

ನಾನು ಅತ್ತೆಯ ಲೋಟಕ್ಕೆ ಕೈ ಹಾಕಿದೆ. ಅದನ್ನು ನೋಡಿ ಮಾವ ತಮ್ಮ ಲೋಟವನ್ನು ಎತ್ತಿ, ನಮ್ಮ ಕಡೆಯವರು ಕುಡಿಯುವ ಹಾಗೆ, ತುಟಿಗೆ ತಾಗಿಸದೆ ಮೇಲಿನಿಂದ ಗಟಗಟ ಗಂಟಲಿಗೆ ಸುರಿದುಕೊಂಡರು. ಹಾಗೆ ಕುಡಿಯುವುದರಲ್ಲಿ ರುಚಿ ಗೊತ್ತಾಗುವುದರೊಳಗೆ ಲೋಟ ಖಾಲಿಯಾಗಿರುತ್ತದೆ. ಲೋಟ ಕೆಳಗಿಟ್ಟು ನನಗೆ ಏನೋ ಹೇಳಲು ಬಾಯಿ ತೆರೆದರು. ಮಾತಿನ ಬದಲು ಬಿಳಿ ನೊರೆ ಬಂತು. ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ವಾಂತಿಯಾಯಿತು, ಅದರಲ್ಲಿ ಕೆಂಪು ಎಳೆಗಳಿದ್ದವು.

ಓಡಿ ಬಂದ ನನ್ನ ಗಂಡ ಉಪ್ಪುನೀರು ಕುಡಿಸಿ ಇನ್ನಷ್ಟು ವಾಂತಿ ಮಾಡಿಸಲು ಹೊರಟರು. ನಾನು ತಡೆದೆ. ಅಕಸ್ಮಾತ್ ಹೊಟ್ಟೆಗೆ ಹೋದರೆ ವಾಂತಿ ಮಾಡಿಸಬೇಡಿ ಎಂದು ನನ್ನ ಡೆವಲಪರ್ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಓದಿದ್ದೆ. ಗೇಟಿಗೆ ಅಡ್ಡ ಇದ್ದ ಬಾಡಿಗೆಯವರ ಬೈಕುಗಳನ್ನು ತಳ್ಳಿ ಕಾರು ತೆಗೆದೆವು. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯ ಅತ್ತೆಯ ತೊಡೆಯ ಮೇಲೆ ಮಾವನ ತಲೆ. ಅದೇ ಕಾರು, ಅದೇ ಸೀಟು. ದಾರಿಯುದ್ದಕ್ಕೂ ಅತ್ತೆಯ ಎದೆ ಸುಂಯ್ ಎನ್ನುತ್ತಿತ್ತು, ಮಾವ ನೋವಿನಲ್ಲೂ ಕಣ್ಣು ತೆರೆದು ತೆರೆದು ಅವರನ್ನೇ ನೋಡುತ್ತಿದ್ದರು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮೊದಲು ಮಾಡಿದ ಕೆಲಸವೆಂದರೆ ಮಾವನ ಮೂಗು ಬಾಯಿಗೆ ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟದ್ದು. ಅಂತೂ ಸಿಕ್ಕಿತು.

ಡ್ಯೂಟಿ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನಾನು ಜೊತೆಗೆ ತಂದಿದ್ದ ಕ್ಯಾನಿನ ಲೇಬಲ್ಲನ್ನು ಎರಡು ಸಲ ಓದಿದರು. "ಮೇಡಂ, ಇದು ಹೊಟ್ಟೆಗೆ ಹೋದ ತಕ್ಷಣ ಗ್ಯಾಸ್ ಆಗುತ್ತೆ, ತುಂಬಾ ಗ್ಯಾಸ್. ಗಂಟಲು, ಹೊಟ್ಟೆ ಒಳಗಡೆ ಸುಡುತ್ತೆ. ಗ್ಯಾಸಿನ ಗುಳ್ಳೆ ರಕ್ತಕ್ಕೆ ಹೋದ್ರೆ ಹಾರ್ಟಿಗೂ ಹೋಗ್ಬಹುದು, ಬ್ರೈನಿಗೂ ಹೋಗ್ಬಹುದು. ಸ್ಟ್ರೋಕ್ ಆಗಿರೋರಿದ್ದಾರೆ, ಸತ್ತಿರೋರಿದ್ದಾರೆ. ಉಸಿರಾಟಕ್ಕೆ ಇದ್ರಿಂದ ಏನೂ ಉಪಯೋಗ ಇಲ್ಲ."

"ಆರು ತಿಂಗಳಿಂದ ಕುಡೀತಿದ್ರು, ಏನೂ ಆಗಿರ್ಲಿಲ್ವಲ್ಲ" ಎಂದು ನನ್ನ ಗಂಡ ಕೇಳಿದರು.

ನಾನು ಚೊಂಬಿನ ವಿಷಯ ಹೇಳಿದೆ. ಡಾಕ್ಟರು ಪೆನ್ನನ್ನು ಕೆಳಗಿಟ್ಟರು. ಮೊದಲು ಹನಿ ಲೆಕ್ಕದಲ್ಲಿ ತಗೊಂಡದ್ದು, ಜೊತೆಗೆ ತಾಮ್ರ ಅದನ್ನು ಒಡೆಯುತ್ತದೆ, ರಾತ್ರಿಯೆಲ್ಲ ಗುಳ್ಳೆಯಾಗಿ ಹೋಗಿ ಬೆಳಗ್ಗೆ ಉಳಿದದ್ದು ಹೆಚ್ಚುಕಮ್ಮಿ ನೀರೇ ಇರಬೇಕು ಎಂದರು. ಎಷ್ಟು ಉಳಿದಿತ್ತು ಎಂದು ಯಾರೂ ಹೇಳಲಾಗದು, ತಾಮ್ರವೂ ಕರಗಿ ಹೊಟ್ಟೆಗೆ ಹೋಗಿರಬಹುದು. "ಹಾಗಂತ ತಾಮ್ರದಲ್ಲಿ ಹಾಕಿದ್ರೆ ಸೇಫ್ ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕ್ಬಿಡಬೇಡಿ" ಎಂದೂ ಸೇರಿಸಿದರು. ಅವರಿಗೆ ನಮ್ಮ ಜನರ ಪರಿಚಯ ಚೆನ್ನಾಗಿತ್ತು.

ಮಾವ ಉಳಿದರು. ಒಳಗೆ ಕ್ಯಾಮೆರಾ ಬಿಟ್ಟು ನೋಡಿದಾಗ ಹೊಟ್ಟೆಯ ಗೋಡೆ ಅಲ್ಲಲ್ಲಿ ಸುಟ್ಟು ಬೆಳ್ಳಗಾಗಿತ್ತು, ತೂತಾಗಿರಲಿಲ್ಲ. ಮನೆಗೆ ಬಂದಾಗ ಅವರ ಗಂಟಲು ಒಡೆದ ಪೀಪಿಯ ಹಾಗಿತ್ತು. ತಣ್ಣನೆಯ ಗಂಜಿ, ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಅತ್ತೆಗೆಂದು ಬೆರೆಸಿದ್ದ ಲೋಟವನ್ನು ನಾನು ನೀರು ಹಾಯಿಸಿ ಚೆಲ್ಲಿದ್ದೆ. ಕ್ಯಾನನ್ನು ಪಾರ್ಲರ್‌ನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೆ, ಅದನ್ನು ಏನು ಮಾಡುವುದು ಎಂದು ಸರಿಯಾಗಿ ಕೇಳಿಕೊಂಡು ಚೆಲ್ಲೋಣ ಎಂದು. ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಮಾವನನ್ನು ಇಷ್ಟು ವರ್ಷ ನೋಡಿಯೂ ಹಾಗೆ ಅಂದುಕೊಂಡದ್ದು ನನ್ನ ದಡ್ಡತನ.

ಮಾತು ಬರುವಂತಾದ ದಿನ ಅವರು ಗಂಜಿಯ ಬಟ್ಟಲು ಕೆಳಗಿಟ್ಟು ಹೇಳಿದರು, "ತಪ್ಪಾಗಿದ್ದು ಪಾತ್ರೆದು. ಡಾಕ್ಟ್ರೇ ಹೇಳವ್ರಂತಲ್ಲ. ತಾಮ್ರದಾಗೆ ಹಾಕಿದ್ರೆ ಏನೂ ಆಗಲ್ಲ. ಹಬ್ಬ ಆಯ್ತಲ್ಲ, ಚೊಂಬು ಬಿಡುವೈತೆ. ನಂಗ್ ಬ್ಯಾಡ, ಅವಳಿಗಾದ್ರೂ ಶುರು ಮಾಡಾಣ."

ನನ್ನ ಗಂಡ ಕುರ್ಚಿಯಿಂದ ಎದ್ದೇಬಿಟ್ಟರು. ಮದುವೆಯಾದ ಮೇಲೆ ಅವರು ಅಪ್ಪನ ಮೇಲೆ ಕೂಗಾಡಿದ್ದನ್ನು ನಾನು ಕೇಳಿದ್ದು ಅವತ್ತೇ. ನಾನೂ ಕೂಗಿದೆ. ಡಾಕ್ಟರು ಹೇಳಿದ್ದು ಅದಲ್ಲ ಎಂದು ವಿವರಿಸಿ ಹೇಳಿದೆ. ನಮ್ಮಿಬ್ಬರ ದನಿಯೂ ಇಳಿದ ಮೇಲೆ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಆ ಕ್ಯಾನ್ ತಗೊಂಬಾರವ್ವ."

"ಅತ್ತೆ..."

"ತಗೊಂಬಾ ಅಂದೆ."

ಅವರ ದನಿಯಲ್ಲಿ ಏನೋ ಇತ್ತು, ತಂದುಕೊಟ್ಟೆ. ಅತ್ತೆ ಚೊಂಬಿಗೆ ನೀರು ತುಂಬಿ ಮಾವನ ಮುಂದೆ ಇಟ್ಟರು. ಪಕ್ಕದಲ್ಲಿ ಕ್ಯಾನು ಇಟ್ಟರು. ಆಮೇಲೆ ಎದುರಿನ ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡರು.

"ಹಾಕಿ. ನಿಮ್ ಕೈಯಾರೆ ಹಾಕಿ ಕೊಡಿ. ಎಷ್ಟ್ ಹಾಕ್ತೀರೋ ಅಷ್ಟೂ ಕುಡೀತೀನಿ, ಬ್ಯಾಡ ಅನ್ನಲ್ಲ."

ಮಾವ ಮುಚ್ಚಳ ತಿರುಗಿಸಿ ತೆಗೆದರು. ಕ್ಯಾನನ್ನು ಎರಡು ಕೈಯಲ್ಲಿ ಎತ್ತಿ ಚೊಂಬಿನ ಮೇಲೆ ಬಗ್ಗಿಸಿದರು. ನಾನು ಒಂದು ಹೆಜ್ಜೆ ಮುಂದೆ ಬಂದೆ, ಅತ್ತೆ ನನ್ನ ಕಡೆ ನೋಡದೆಯೇ ಕೈ ಅಡ್ಡ ಹಿಡಿದರು. ಹನಿ ಬೀಳಲಿಲ್ಲ. ಮಾವನ ಕೈ ನಡುಗಿ ಕ್ಯಾನಿನ ಬಾಯಿ ಚೊಂಬಿನ ಅಂಚಿಗೆ ಟಕಟಕ ಬಡಿಯುತ್ತಿತ್ತು. ಬಹಳ ಹೊತ್ತು ಹಾಗೇ ಹಿಡಿದಿದ್ದು ಕೆಳಗಿಟ್ಟರು.

"ನಿಂಗ್ ಏನಾರ ಆಗ್ಬಿಟ್ರೆ?" ಎಂದರು.

ಅತ್ತೆ ಕ್ಯಾನಿನ ಮುಚ್ಚಳವನ್ನು ಎತ್ತಿಕೊಂಡು ತಾವೇ ಹಾಕಿದರು.

"ಆರು ತಿಂಗಳು ದಿನಾ ಬೆಳಗ್ಗೆ ನೀವ್ ಕುಡಿಯೋವಾಗ ನಾನ್ ಒಲೆ ಮುಂದೆ ನಿಂತಿರ್ತಿದ್ನಲ್ಲ. ನನ್ ಕೈ ಹೆಂಗ್ ನಡುಗ್ತಿತ್ತು ಅಂತ ಒಂದ್ ದಿನ ತಿರುಗಿ ನೋಡಿದ್ರಾ?"